ಬೂದಿ ಬಾಗಿಲಿಗೆ ಕೂತ ಆರು ದಿನ

ಮೊದಲೇ ಹೇಳಿಬಿಡುತ್ತೇನೆ, ಕೋಳಿಗಳ ವಿಷಯ ನನ್ನ ಹತ್ತಿರ ಎತ್ತಬೇಡಿ. ನಮ್ಮೂರಿನಲ್ಲಿ ಇವತ್ತಿನವರೆಗೆ ಒಂದೇ ಒಂದು ಕೋಳಿ ಯಾರ ಬಾಗಿಲಿಗೂ ಕೂತಿಲ್ಲ. ಒಣಗಲು ಹರವಿದ ರಾಗಿಯನ್ನು ಕೆದರಿ, ಅದರ ಮೇಲೇ ಹಿಕ್ಕೆ ಹಾಕಿ, ಮನೆಯೊಡತಿಯ ಮುಖವನ್ನೇ ನೋಡುತ್ತಾ ನಡೆದುಹೋಗುತ್ತವೆ. ಅವಕ್ಕೆ ನಾಚಿಕೆಯಿಲ್ಲ ಎನ್ನುವವರು ಅರ್ಧ ಊರು, ಅವು ತಪ್ಪೇ ಮಾಡುವುದಿಲ್ಲ ಎನ್ನುವವರು ಕೋಳಿ ಸಾಕಿದವರು. ಈ ಜಗಳ ನಮ್ಮ ತಾತನ ಕಾಲದಿಂದ ನಡೆದಿದೆ, ನನ್ನ ಕಾಲಕ್ಕೂ ಮುಗಿಯುವ ಲಕ್ಷಣ ಕಾಣುವುದಿಲ್ಲ.

ಮಿಕ್ಕ ಪ್ರಾಣಿಗಳು ಕೂರುತ್ತವೆ. ಯಾರಿಗೆ ತೊಂದರೆ ಮಾಡಿದವೋ ಅವರ ಮನೆಗೆ ತಾವಾಗಿಯೇ ಹೋಗಿ, ಹೊಸ್ತಿಲ ಮುಂದೆ, ಬಾಗಿಲಿಗೆ ಮುಖ ಮಾಡಿ ಮಲಗುತ್ತವೆ. ಮೇವು ಮುಟ್ಟುವುದಿಲ್ಲ. ಮನೆಯವರು ಆಚೆ ಬಂದು ಹಣೆಯ ಮೇಲೆ ಕೈಯಿಟ್ಟು 'ಆಯ್ತು, ಹೋಗು' ಅಂದರೆ ಎದ್ದು ಹೋಗುತ್ತವೆ. ಅಷ್ಟೇ. ನಮ್ಮಲ್ಲಿ ಮನೆ ಕಟ್ಟುವಾಗ ಹೊಸ್ತಿಲ ಮುಂದೆ ಒಂದು ಎಮ್ಮೆ ಹಿಡಿಸುವಷ್ಟು ಚಪ್ಪಡಿ ಹಾಸುವುದು ಇದಕ್ಕೇ. ಬೆಳಿಗ್ಗೆ ಬಾಗಿಲು ತೆಗೆಯುವ ಹೆಂಗಸರು ಮೊದಲು ಕೆಳಗೆ ನೋಡಿ ಕಾಲಿಡುತ್ತಾರೆ. ಬೆಕ್ಕು ಕಾಲು ಗಂಟೆ ಕೂರುತ್ತದೆ. ಅಷ್ಟರಲ್ಲಿ ನೀವು ಬಂದರೆ ಸರಿ, ಬರದಿದ್ದರೆ ಇನ್ನು ಮೇಲೆ ತಪ್ಪು ನಿಮ್ಮದು. ಮೇಕೆ ಮೇವು ಮುಟ್ಟುವುದಿಲ್ಲ, ಆದರೆ ಮಾವಿನ ತೋರಣ ಮೇವಿನ ಲೆಕ್ಕಕ್ಕೆ ಬರುವುದಿಲ್ಲವೆಂದು ಅದು ತಿಳಿದುಕೊಂಡಿದೆ. ನಾಯಿಗಳ ಮಾತು ಬೇರೆ. ನಾಯಿ ತಾನು ಮಾಡಿದ್ದಕ್ಕೂ ಕೂರುತ್ತದೆ, ಪಕ್ಕದ ಮನೆಯ ನಾಯಿ ಮಾಡಿದ್ದಕ್ಕೂ ಕೂರುತ್ತದೆ, ಸುಮ್ಮನೆ ಯಾರೋ ಗದರಿಸಿದರೂ ಕೂರುತ್ತದೆ. ಹಾಗಾಗಿ ನಾಯಿ ಕೂತರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ದಾಟಿಕೊಂಡು ಹೋಗುವಾಗ ಹಣೆ ಮುಟ್ಟಿ ಹೋಗುತ್ತಾರೆ.

ನಾನು ಲಾಳದ ಮುದ್ದಯ್ಯ. ನಲವತ್ತು ವರ್ಷ ಎತ್ತುಗಳಿಗೆ, ಕುದುರೆಗಳಿಗೆ ಲಾಳ ಕಟ್ಟಿದವನು. ಒದೆ ತಿಂದದ್ದು ಎಷ್ಟೋ. ನನ್ನ ಬಾಗಿಲಿಗೆ ಕೂತಷ್ಟು ಪ್ರಾಣಿಗಳು ಊರಿನಲ್ಲಿ ಬೇರೆ ಯಾರ ಬಾಗಿಲಿಗೂ ಕೂತಿಲ್ಲ. ಎಲ್ಲವನ್ನೂ ಕ್ಷಮಿಸಿದ್ದೇನೆ. ಕುಂಟುತ್ತಾ ಬಂದು ಕೂತವನ್ನೂ ಕ್ಷಮಿಸಿ, ಅವು ಕುಂಟುತ್ತಾ ಹೋಗುವುದನ್ನು ನೋಡಿ, ನನ್ನ ದೊಡ್ಡ ಮನಸ್ಸಿಗೆ ನಾನೇ ಬೀಗಿದ್ದೇನೆ. ಅದರ ಮಾತು ಆಮೇಲೆ.

ಒಮ್ಮೆ ಹೊರಗಿನಿಂದ ಒಬ್ಬರು ದನಗಳ ಡಾಕ್ಟರು ಬಂದಿದ್ದರು. ನಾಲ್ಕು ದಿನ ನಮ್ಮ ಮನೆಯಲ್ಲೇ ಉಳಿದು, ಕೂತ ಪ್ರಾಣಿಗಳನ್ನೆಲ್ಲ ನೋಡಿ, ಪುಸ್ತಕ ತುಂಬ ಬರೆದುಕೊಂಡು, ಕೊನೆಗೆ ಹೇಳಿದರು: ಇದು ಅಂಗೈ ಉಪ್ಪಿನ ಆಸೆ. ಕೆಲಸ ಮಾಡುವವರ ಕೈಯಲ್ಲಿ ಬೆವರಿನ ಉಪ್ಪು ಇರುತ್ತದೆ, ಅದಕ್ಕೆ ಬರುತ್ತವೆ, ತಲೆಮಾರುಗಳಿಂದ ರೂಢಿಯಾಗಿದೆ, ತಪ್ಪು ಸರಿ ಅನ್ನುವುದೆಲ್ಲ ಮಾತು ಬಲ್ಲವರಿಗೆ ಮಾತ್ರ. ಓದಿದವರು, ನಾನು ಎದುರಾಡಲಿಲ್ಲ. ಹೊರಡುವಾಗ ಅವರ ಜೀಪು ನಮ್ಮ ನಾಯಿಯ ಬಾಲದ ಮೇಲೆ ಹತ್ತಿತು. ನಾಯಿ ಅತ್ತುಕೊಂಡು ಎದ್ದು ಹೋಗಿ ಜೀಪಿನ ಮುಂದೆ ಕೂತಿತು. ಡಾಕ್ಟರು ಹಾರ್ನ್ ಹೊಡೆದರು.

ಇನ್ನು ಮನುಷ್ಯರು. ನಮ್ಮೂರಿನಲ್ಲಿ ಪ್ರಾಣಿ ಕೂತರೆ ಯಜಮಾನನ ಮೇಲೆ ಮಾತಿಲ್ಲ. ಎಮ್ಮೆ ನಿಮ್ಮ ಹಿತ್ತಿಲು ಮೇಯಿತು, ಎಮ್ಮೆ ಬಂದು ಕೂತಿತು, ನೀವು ಕೈಯಿಟ್ಟಿರಿ, ಮುಗಿಯಿತು. ಬೇಲಿ ತೆರೆದಿಟ್ಟವನು ಯಾರು ಎಂದು ಕೇಳುವ ಪದ್ಧತಿ ಇಲ್ಲ. ಮನುಷ್ಯನೇ ತಪ್ಪು ಮಾಡಿದರೆ? ನಾಲ್ಕು ದಿನ ಬೇರೆ ಬೀದಿಯಲ್ಲಿ ಓಡಾಡುತ್ತಾನೆ. ಐದನೆಯ ದಿನ ಏನೂ ಆಗದವನ ಹಾಗೆ ಬಂದು ಎಲೆ ಅಡಿಕೆ ಕೇಳುತ್ತಾನೆ. ನೀವು ಕೊಡುತ್ತೀರಿ. ಅಲ್ಲಿಗೆ ಅದೂ ಮುಗಿಯಿತು. ಕೂರುವುದು ನಾಲ್ಕು ಕಾಲಿನವರ ಕೆಲಸ ಅಂತ ನಾವೆಲ್ಲ ನಂಬಿಕೊಂಡಿದ್ದೆವು. ದುಂಡವ್ವನ ಬಾಗಿಲಿಗೆ ಕತ್ತೆ ಬಂದು ಕೂರುವ ತನಕ.

ದುಂಡವ್ವ ಸುಣ್ಣ ಬಳಿಯುವವಳು. ಊರಿನ ಬಿಳುಪೆಲ್ಲ ಅವಳದ್ದೇ. ಗಂಡ ಸತ್ತ ವರ್ಷ ಅವನ ಏಣಿಯನ್ನು ಹೆಗಲಿಗೆ ಹಾಕಿಕೊಂಡವಳು, ಐವತ್ತೈದು ದಾಟಿದರೂ ಇಳಿಸಿರಲಿಲ್ಲ. ಹದಿನಾರು ಮೆಟ್ಟಿಲಿನ ಬಿದಿರು ಏಣಿ. ಅದರ ಬುಡವನ್ನು ಅವಳು ಯಾವತ್ತೂ ಹಗ್ಗದಿಂದ ಬಿಗಿಯುತ್ತಿದ್ದಳು, ಕಿಟಕಿ ಸರಳಿಗೋ ಗೂಟಕ್ಕೋ, ಯಾಕೆಂದರೆ ನಮ್ಮೂರಿನ ನೆಲವೆಲ್ಲ ನುಣ್ಣನೆಯ ಚಪ್ಪಡಿ, ಏಣಿ ಜಾರುತ್ತದೆ. ಆ ಹಗ್ಗವನ್ನೂ ಅವಳೇ ಹೊಸೆದದ್ದು. ಕತ್ತಾಳೆ ನಾರಿನ ಜೊತೆ ತನ್ನ ಹಳೆಯ ನೀಲಿ ಸೀರೆಯ ಅಂಚು ಸೇರಿಸಿ. ಬೇರೆಯವರ ಹಗ್ಗದ ಜೊತೆ ಅದಲುಬದಲಾಗಬಾರದು ಅಂತ. ಕಟ್ಟಿ, ಮೂರು ಸಲ ಅಲ್ಲಾಡಿಸಿ ನೋಡಿ, ಹತ್ತಿ, ಮೇಲೆ ಹೋದ ಮೇಲೆ ಏನೋ ಗುನುಗುತ್ತಾ ಬಳಿಯುತ್ತಿದ್ದಳು. ಅವಳ ಗುನುಗು ಕೇಳಿಸಿದರೆ ಯಾವ ಬೀದಿಯಲ್ಲಿ ಯಾರ ಮನೆಗೆ ಸುಣ್ಣ ಆಗುತ್ತಿದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಅವತ್ತು ಚಾವಡಿಯ ಪಡುವಣ ಗೋಡೆ. ಹೊತ್ತು ಏರಿತ್ತು. ಮೇಲಿನಿಂದ ಮೂರು ಮೊಳ ಬಳಿದು ಮುಗಿಸಿದ್ದಳು. ಪಕ್ಕಕ್ಕೆ ಕೈ ಚಾಚಿದಾಗ ಏಣಿಯ ಬುಡ ಜಾರಿತು. ಸದ್ದು ಕೇಳಿ ನಾವೆಲ್ಲ ಓಡಿದೆವು. ದುಂಡವ್ವ ಚಪ್ಪಡಿಯ ಮೇಲೆ ಬಿದ್ದಿದ್ದಳು, ಮೈಯೆಲ್ಲ ಸುಣ್ಣ, ಬಲಗೈ ತಿರುಚಿಕೊಂಡಿತ್ತು. ಅವಳ ಪಕ್ಕದಲ್ಲಿ ಬೂದಿ ನಿಂತಿತ್ತು. ಬೂದಿ ಅಂದರೆ ಬೈಲಪ್ಪನ ಕತ್ತೆ. ಬೈಲಪ್ಪ ಸುಣ್ಣದ ಗೂಡಿನಿಂದ ಊರಿಗೆ ಸುಣ್ಣದ ಚೀಲ ಹೊರಿಸಿಕೊಂಡು ಬರುವವನು. ಉದ್ದ ಆಳು, ಹೆಚ್ಚು ಮಾತಿಲ್ಲ, ಹೆಂಡತಿಯ ಹತ್ತಿರ ಆಡದ ಮಾತನ್ನೂ ಆ ಕತ್ತೆಯ ಹತ್ತಿರ ಆಡುತ್ತಾನೆ ಎಂದು ಅವನ ಹೆಂಡತಿಯೇ ಹೇಳಿಕೊಂಡು ತಿರುಗುತ್ತಿದ್ದಳು. ಅವನೂ ಓಡಿ ಬಂದ, ಕತ್ತೆಯನ್ನು ಎಳೆದುಕೊಂಡು ಹೋದ. ನಮ್ಮ ಕಣ್ಣೆಲ್ಲ ದುಂಡವ್ವನ ಮೇಲಿತ್ತು.

ಏಣಿಯ ಬುಡದಲ್ಲಿ ಹಗ್ಗ ಇರಲಿಲ್ಲ. ನಾನೇ ನೋಡಿದೆ. ಹಾಗಾದರೆ ಹಗ್ಗ ಎಲ್ಲಿ ಎಂದು ಆ ಗಲಾಟೆಯಲ್ಲಿ ಯಾರೂ ಕೇಳಲಿಲ್ಲ. ಪ್ರಜ್ಞೆ ಬಂದ ಮೇಲೆ ಅವಳು ಹೇಳಿದ ಮೊದಲ ಮಾತು, ಕಟ್ಟಿದ್ದೆ ಅಂತ. ವಯಸ್ಸಾಯಿತು ದುಂಡವ್ವ, ಮರೆತಿದ್ದೀಯ ಎಂದು ನಾವು ಸಮಾಧಾನ ಹೇಳಿದೆವು. ಸಮಾಧಾನ ಅಂದರೆ ಹಾಗೆ, ಇನ್ನೊಬ್ಬರ ತಲೆಯ ಮೇಲೆ ಕಲ್ಲಿಟ್ಟು ಹಗುರ ಅನ್ನುವುದು. ಮೂಳೆ ಕಟ್ಟುವವನ ಮನೆಯಲ್ಲಿ ಒಂಬತ್ತು ದಿನ ಇದ್ದಳು. ಅವನು ಪಟ್ಟಿ ಬಿಚ್ಚಿ, ಕೈ ಭುಜದ ಮಟ್ಟಕ್ಕೆ ಏಳುತ್ತದೆ, ಅದಕ್ಕಿಂತ ಮೇಲಕ್ಕೆ ಆಸೆ ಇಟ್ಟುಕೊಳ್ಳಬೇಡ ಎಂದು ಹೇಳಿ ಕಳಿಸಿದ. ಭುಜದೆತ್ತರದ ಗೋಡೆ ನಮ್ಮೂರಿನಲ್ಲಿ ಯಾರ ಮನೆಗೂ ಇಲ್ಲ. ಆ ಒಂಬತ್ತು ದಿನ ಅವಳನ್ನು ತಿಂದದ್ದು ಕೈನೋವಲ್ಲವಂತೆ. ಅವತ್ತಿನ ಬೆಳಿಗ್ಗೆಯನ್ನು ಮತ್ತೆ ಮತ್ತೆ ನೆನಪು ಮಾಡಿಕೊಳ್ಳುತ್ತಿದ್ದಳಂತೆ. ಕಟ್ಟಿದೆ, ಮೂರು ಸಲ ಅಲ್ಲಾಡಿಸಿದೆ. ಆದರೆ ಅದು ಅವತ್ತಿನ ನೆನಪೋ ಹಿಂದಿನ ದಿನದ್ದೋ? ಮೂವತ್ತು ವರ್ಷದಲ್ಲಿ ಎಲ್ಲ ಬೆಳಿಗ್ಗೆಯೂ ಒಂದೇ. ಏಳನೆಯ ದಿನದ ಹೊತ್ತಿಗೆ ಅವಳೇ ನಂಬಿಬಿಟ್ಟಳು, ನಾನು ಮರೆತೆ ಅಂತ. ಕೈ ಹೋದದ್ದಕ್ಕಿಂತ ಅದು ಹೆಚ್ಚು ಕುಗ್ಗಿಸಿತು ಎಂದು ಆಮೇಲೆ ನನಗೆ ಹೇಳಿದಳು. ತನ್ನ ತಲೆಯನ್ನೇ ನಂಬದವಳು ಏಣಿ ಹತ್ತುವುದು ಹೇಗೆ, ಒಲೆ ಹಚ್ಚುವುದು ತಾನೇ ಹೇಗೆ.

ಮನೆಗೆ ಬಂದ ದಿನ ಬೂದಿ ಅವಳಿಗಿಂತ ಮೊದಲೇ ಚಪ್ಪಡಿಯ ಮೇಲೆ ಮಲಗಿತ್ತು. ಬಾಗಿಲಿಗೆ ಮುಖ ಮಾಡಿ. ಊರಿಗೆ ಊರೇ ಒಂದು ಉಸಿರು ಬಿಟ್ಟಿತು. ಓಹೋ, ಕತ್ತೆ ಏಣಿ ತಾಕಿಸಿದೆ, ಇವಳು ಹಗ್ಗ ಮರೆತಿದ್ದಾಳೆ, ಎರಡೂ ಸೇರಿ ಹೀಗಾಗಿದೆ. ಇದಕ್ಕಿಂತ ಸ್ಪಷ್ಟ ಬೇಕೇ? ದುಂಡವ್ವ ಎಡಗೈಯನ್ನು ಅದರ ಹಣೆಯ ಮೇಲಿಟ್ಟು, ಆಯ್ತು ಹೋಗವ್ವ, ನೀನೇನು ಬೇಕಂತ ಮಾಡಿದೆಯಾ ಎಂದಳು. ಬೂದಿ ಏಳಲಿಲ್ಲ. ಇನ್ನೊಮ್ಮೆ ಹೇಳಿದಳು. ಕಿವಿ ಅಲ್ಲಾಡಿಸಿತು, ಏಳಲಿಲ್ಲ.

ಹೀಗೆ ಯಾವತ್ತೂ ಆಗಿರಲಿಲ್ಲ. ಕೈಯಿಟ್ಟ ಮೇಲೂ ಏಳದ ಪ್ರಾಣಿಯನ್ನು ನಾನು ನೋಡಿರಲಿಲ್ಲ, ನಮ್ಮಪ್ಪ ನೋಡಿರಲಿಲ್ಲ. ಎರಡನೆಯ ದಿನ ಬೈಲಪ್ಪ ನೆನೆಸಿದ ಹುರುಳಿ ತಂದ, ಗೆಣಸು ತಂದ, ಎಳೆ ಜೋಳದ ದಂಟು ತಂದ. ಬೂದಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಅದರ ಪಕ್ಕೆಲುಬು ಎಣಿಸಬಹುದಾಗಿತ್ತು. ದುಂಡವ್ವ ಒದ್ದೆ ಬಟ್ಟೆ ಹಿಂಡಿ ಬಾಯಿಗೆ ನೀರು ಬಿಡುತ್ತಿದ್ದಳು; ಅದಷ್ಟನ್ನು ನುಂಗುತ್ತಿತ್ತು. ದಿನಕ್ಕೆ ಹತ್ತು ಸಲ ಕೈಯಿಟ್ಟಳು. ಹಣೆಗೆ ಅರಿಸಿನ ಹಚ್ಚಿ ಕೈಯಿಟ್ಟಳು. ಸ್ನಾನ ಮಾಡಿ ಬಂದು ಕೈಯಿಟ್ಟಳು. ಏನೂ ಆಗಲಿಲ್ಲ.

ಆಗ ಊರು ಮಾತಾಡಲು ಶುರು ಮಾಡಿತು. ಸುಳ್ಳು ಯಾಕೆ ಹೇಳಲಿ, ಶುರು ಮಾಡಿದ್ದು ನಾನು. ಪ್ರಾಣಿಗಳ ವಿಷಯದಲ್ಲಿ ನನ್ನ ಮಾತಿಗೆ ತೂಕವಿತ್ತು, ಆ ತೂಕ ನನಗೆ ಇಷ್ಟವಾಗಿತ್ತು. ಚಾವಡಿ ಕಟ್ಟೆಯಲ್ಲಿ ಕೂತು ನಾನು ಹೇಳಿದೆ, ಕತ್ತೆಯದೇನೂ ತಪ್ಪಿಲ್ಲ, ಇವಳು ಬಾಯಲ್ಲಿ ಹೋಗು ಅನ್ನುತ್ತಾಳೆ, ಹೊಟ್ಟೆಯೊಳಗೆ ಹಗೆ ಇಟ್ಟುಕೊಂಡಿದ್ದಾಳೆ, ಮೂಕಪ್ರಾಣಿಗೆ ಅದು ತಿಳಿಯುತ್ತದೆ. ಮಾತು ಬಾಯಿಂದ ಹೊರಟದ್ದೇ ತಡ, ಊರಿನ ಎಲ್ಲರಿಗೂ ಅದು ಮೊದಲಿನಿಂದ ಗೊತ್ತಿದ್ದ ವಿಷಯವಾಯಿತು. ನೀರಿಗೆ ಹೋದಲ್ಲಿ ಹೆಂಗಸರು ಅವಳಿಗೆ ಬುದ್ಧಿ ಹೇಳಿದರು. ಅಂಗಡಿಯವನು ಉಪ್ಪು ಕಟ್ಟಿಕೊಡುತ್ತಾ, ಮನಸ್ಸು ದೊಡ್ಡದು ಮಾಡು ದುಂಡವ್ವ ಎಂದ. ಅವಳು ಮನೆಗೆ ಬಂದು ಕತ್ತೆಯ ಮುಂದೆ ಕೂತು ತನ್ನ ಹೊಟ್ಟೆಯೊಳಗೆ ಹಗೆ ಎಲ್ಲಿದೆ ಎಂದು ಹುಡುಕಿದಳಂತೆ. ನಿಜವಾಗಿ ಹುಡುಕಿದಳು. ಸಿಗಲಿಲ್ಲ. ಆದರೆ ಹಗ್ಗ ಕಟ್ಟಿದ್ದೆ ಅಂತ ನಂಬಿ ಮೋಸಹೋದ ತಲೆ, ಹಗೆ ಇಲ್ಲ ಅಂದರೆ ಅದನ್ನಾದರೂ ಹೇಗೆ ನಂಬುವುದು?

ಐದನೆಯ ದಿನ ಬೈಲಪ್ಪ ಅವಳ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ, ನಿನ್ ಕಲ್ಲು ಮನ್ಸಿಂದ ನನ್ ಬೂದಿ ಸಾಯ್ತದೆ ಎಂದ. ಮಾತೇ ಆಡದ ಮನುಷ್ಯ ಅಷ್ಟು ಮಾತಾಡಿದ್ದಕ್ಕೆ ನಮಗೆಲ್ಲ ಅವನ ಮೇಲೆ ಮರುಕ ಹುಟ್ಟಿತು. ದುಂಡವ್ವ ಒದ್ದೆ ಬಟ್ಟೆಯನ್ನು ಮತ್ತೆ ಹಿಂಡಿ ಬೂದಿಯ ಬಾಯಿಗೆ ಹಿಡಿದಳು. ಅವನು ಹೋಗುವಾಗ ಬೂದಿಯ ಕಡೆ ತಿರುಗಿಯೂ ನೋಡಲಿಲ್ಲ. ಕೋಪ ಎಂದುಕೊಂಡೆ.

ಆರನೆಯ ದಿನ ಬೆಳಿಗ್ಗೆ ಬೂದಿ ಕತ್ತು ಎತ್ತುವುದನ್ನೂ ನಿಲ್ಲಿಸಿತ್ತು. ಗದ್ದ ಹೊಸ್ತಿಲಿಗೆ ತಾಗಿಸಿ ಮಲಗಿತ್ತು. ದುಂಡವ್ವ ಬೇವಿನ ಸೊಪ್ಪು ಕುದಿಸಿದ ನೀರು ತಂದು ಅದರ ಮೈ ಒರೆಸಲು ಕೂತಳು; ಸಾಯುವುದಾದರೆ ನೊಣ ಮುತ್ತಿ ಸಾಯುವುದು ಬೇಡ ಅಂತ. ಹೊಟ್ಟೆಯ ಅಡಿ ಒರೆಸುವಾಗ ಬೂದಿಯ ಚರ್ಮ ಅದುರಿತು. ಬಗ್ಗಿ ನೋಡಿದರೆ ಅಲ್ಲೊಂದು ಗಾಯ, ಹಗ್ಗ ಉಜ್ಜಿದ್ದು, ಒಣಗಿ ಹಕ್ಕಳೆಗಟ್ಟಿತ್ತು. ಹೇರಿನ ಹಗ್ಗ ಬಿಗಿದ ಕತ್ತೆಗಳಿಗೆಲ್ಲ ಅಂಥ ಗಾಯ ಇರುತ್ತದೆ. ಬೆಚ್ಚನೆಯ ನೀರಿಗೆ ಹಕ್ಕಳೆ ಮೆತ್ತಗಾಗಿ ಕಿತ್ತುಬಂತು. ಅದರೊಳಗೆ ಒಂದು ನೀಲಿ ಎಳೆ ಇತ್ತು. ಬೆರಳುದ್ದದ ಸೀರೆ ಅಂಚಿನ ಎಳೆ.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದಳೋ ಅವಳಿಗೇ ಗೊತ್ತಿಲ್ಲ. ಮೊದಲು ಬಂದದ್ದು ಸಿಟ್ಟಲ್ಲ. ಮೊದಲು ಬಂದದ್ದು, ನಾನು ಕಟ್ಟಿದ್ದೆ ಅನ್ನುವುದು. ನಾನು ಮರೆತಿರಲಿಲ್ಲ. ನನ್ನ ತಲೆ ನನ್ನದೇ ಇದೆ. ಅವಳಿಗೆ ಅಳು ಬಂತಂತೆ, ಕೈ ಹೋದಾಗಲೂ ಬಾರದ ಅಳು. ಆಮೇಲೆ ಸಿಟ್ಟು ಬಂತು, ಎದ್ದು ಕೂಗಬೇಕು ಅನಿಸಿತು. ಆಗ ಬೂದಿಯ ಮುಖ ಕಂಡಿತು. ಇದು ಏಣಿ ತಾಕಿಸಿಲ್ಲ. ಹೊಟ್ಟೆಗೆ ಬಿಗಿದದ್ದನ್ನು ಹೊತ್ತುಕೊಂಡು ಹೋಗಿದೆ, ಅಷ್ಟೇ. ಹಾಗಾದರೆ ಆರು ದಿನದಿಂದ ನಾನು ಇದಕ್ಕೆ ಯಾವ ತಪ್ಪನ್ನು ಕ್ಷಮಿಸುತ್ತಿದ್ದೇನೆ? ಇದು ಮಾಡದ ತಪ್ಪನ್ನು. ಮಾಡಿದವನು ಬೇರೆ, ಹಣೆ ಒಡ್ಡಿದವಳು ಬೇರೆ. ಏಳುವುದು ಹೇಗೆ?

ಅಷ್ಟರಲ್ಲಿ ನಾವು ಬಂದೆವು. ಹತ್ತು ಹನ್ನೆರಡು ಜನ, ಮುಂದೆ ನಾನು, ನನ್ನ ಹಿಂದೆ ಬೈಲಪ್ಪ. ಇವತ್ತು ಅವಳ ಬಾಯಿಂದ ನೆಟ್ಟಗೆ ಮಾತು ಹೊರಡಿಸಿಯೇ ಸೈ ಎಂದು ಹೊರಟಿದ್ದೆವು. ನಾನು ಗಂಟಲು ಸರಿಮಾಡಿಕೊಂಡು, ಒಂದು ಜೀವದ ಪ್ರಶ್ನೆ ದುಂಡವ್ವ, ಎಂದು ಶುರು ಮಾಡಿದೆ. ಅವಳು ನನ್ನನ್ನು ನೋಡಲೇ ಇಲ್ಲ. ಎದ್ದು ಬಂದು ಬೈಲಪ್ಪನ ಅಂಗೈ ಬಿಡಿಸಿ ಆ ನೀಲಿ ಎಳೆಯನ್ನು ಅಲ್ಲಿಟ್ಟಳು.

"ಬೈಲಪ್ಪ, ನಾನು ಕಟ್ಟಿದ್ದೆ," ಎಂದಳು.

ಅಷ್ಟೇ ಅಂದದ್ದು. ಬೈಲಪ್ಪ ಎಳೆಯನ್ನು ನೋಡಿದ, ಬೂದಿಯನ್ನು ನೋಡಿದ, ನಮ್ಮ ಕಡೆ ನೋಡಿದ. ನಮಗೇನೂ ಅರ್ಥವಾಗಿರಲಿಲ್ಲ. ಅವನು ಇಲ್ಲ ಅಂದಿದ್ದರೆ ನಾವೆಲ್ಲ ಅವನ ಕಡೆಯೇ ನಿಲ್ಲುತ್ತಿದ್ದೆವು, ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಒಂದು ಎಳೆ ದಾರ ಏನು ಸಾಕ್ಷಿ? ಅವನು ಎಳೆಯನ್ನು ಬೆರಳಲ್ಲಿ ಹೊಸೆಯುತ್ತಾ ನಿಂತ. ಬೂದಿ ಆ ಹೊತ್ತಿನಲ್ಲಿ ಒಂದು ಸಲ ಉಸಿರು ಬಿಟ್ಟಿತು, ಹೊಸ್ತಿಲ ಮೇಲಿನ ದೂಳು ಹಾರಿತು.

"ಹೇರು ಜಾರ್ತಿತ್ತು ಕಣಕ್ಕ," ಎಂದ ಬೈಲಪ್ಪ. "ನನ್ ಹಗ್ಗ ಕಿತ್ತೋಗಿತ್ತು. ಏಣಿದು ಬಿಚ್ಕಂಡೆ, ಒಂದ್ ಗಳಿಗೆ ಅಂತ. ಚೀಲ ಇಳ್ಸಿ, ತಂದು ಕಟ್ಬುಡ್ತೀನಿ ಅಂದ್ಕಂಡೆ. ನೀನು ಮ್ಯಾಲೆ ಹಾಡ್ಕತಿದ್ದೆ. ಕರೆಯಾಕೆ ಮನಸ್ಸು ಬರ್ನಿಲ್ಲ."

ಮಿಕ್ಕದ್ದನ್ನು ಅವನು ನೆಲ ನೋಡುತ್ತಾ ಹೇಳಿದ. ಬೀದಿಯ ತಿರುವಿಗೆ ಬಂದಾಗ ಬೂದಿ ನಿಂತುಬಿಟ್ಟಿತಂತೆ. ಹೊಡೆದ. ಹೆಜ್ಜೆ ಇಡಲಿಲ್ಲ. ಯಾವತ್ತೂ ಹೊಡೆದವನಲ್ಲ, ಅವತ್ತು ಕೋಲು ಮುರಿಯುವ ಹಾಗೆ ಹೊಡೆದ. ಅದು ಹೇರಿನ ಸಮೇತ ತಿರುಗಿ ಚಾವಡಿಯ ಕಡೆ ನಡೆಯಿತು, ಇವನು ಬಾಲ ಹಿಡಿದು ಎಳೆಯುತ್ತಿದ್ದಾಗಲೇ ಏಣಿ ಬಿದ್ದ ಸದ್ದು ಕೇಳಿಸಿತು. ಕತ್ತೆ ನಿಲ್ಲುವುದು ಹೊಸದೇನಲ್ಲ, ಅದು ನನಗೂ ಗೊತ್ತು. ನಿಲ್ಲದ ಕತ್ತೆ ಕತ್ತೆಯೇ ಅಲ್ಲ. ಯಾಕೆ ನಿಂತಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ಅದು ತಿರುಗಿ ನಡೆದದ್ದು ಯಾವ ದಿಕ್ಕಿಗೆ ಎಂದು ಮಾತ್ರ ಹೇಳಬಲ್ಲೆ.

"ಇದು ಬಂದು ಕೂತ್ಕಂತಲ್ಲ," ಎಂದ ಬೈಲಪ್ಪ, "ಮುಗೀತು ಅಂದ್ಕಂಡೆ. ಇದೇ ಕೂತ ಮ್ಯಾಕೆ ನಾನೇನು ಹೇಳೋದು ಅಂದ್ಕಂಡೆ."

ಆಮೇಲೆ ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆ ಎಂಬುದು ನಮ್ಮೂರಿನಲ್ಲಿ ಯಾರಿಗೂ ರೂಢಿ ಇರಲಿಲ್ಲ. ಅವನು ತಲೆಯ ವಸ್ತ್ರ ತೆಗೆದ. ಮಡಿಸಿದ. ಎಲ್ಲಿ ಇಡಬೇಕು ಎಂದು ಸುತ್ತ ನೋಡಿ ನನ್ನ ಕೈಗೆ ಕೊಟ್ಟ. ಬೂದಿಯ ಪಕ್ಕದಲ್ಲಿ ಚಪ್ಪಡಿಯ ಮೇಲೆ ಮಂಡಿಯೂರಿ, ಬಾಗಿಲಿಗೆ ಮುಖ ಮಾಡಿ ಕೂತ. ಆರಡಿ ಆಳು. ಹಿಂದೆ ಯಾರೋ ಕಿಸಕ್ಕೆಂದರು, ಪಕ್ಕದವರು ಅವರ ತೋಳು ಚಿವುಟಿದರು.

ಬೂದಿ ಕತ್ತೆತ್ತಿ ಅವನ ಕಡೆ ನೋಡಿತು. ಕಿವಿ ಅವನ ಕಡೆ ತಿರುಗಿಸಿತು. ಆಮೇಲೆ ಮುಂಗಾಲು ಊರಿತು. ನಡುಗಿತು, ಕುಸಿಯಿತು, ಮತ್ತೆ ಊರಿತು. ಹಿಂಗಾಲು ಎತ್ತಲು ನಾನು ಕೈ ಕೊಡಹೋದೆ, ಬೇಕಾಗಲಿಲ್ಲ. ಎದ್ದು ನಿಂತಿತು. ಯಾರೂ ಹಣೆ ಮುಟ್ಟಿರಲಿಲ್ಲ, ಯಾರೂ ಹೋಗು ಅಂದಿರಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಇದು ನಿನ್ನ ಜಾಗ ಅನ್ನುವ ಹಾಗೆ ಚಪ್ಪಡಿಯನ್ನು ಅವನಿಗೆ ಬಿಟ್ಟುಕೊಟ್ಟಿತು.

ನಾವು ದುಂಡವ್ವನನ್ನು ನೋಡಿದೆವು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸರಿಯಾಗಿಯೇ ಮಾಡಿದಳು ಎಂದು ಈಗ ಅನಿಸುತ್ತದೆ, ಆಗ ನನಗೆ ಕಸಿವಿಸಿಯಾಯಿತು. ಬೈಲಪ್ಪ ಕೂತೇ ಇದ್ದ. ಬಿಸಿಲು ಚಪ್ಪಡಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಅವನ ಹೆಂಡತಿ ಬಂದು ನೋಡಿ, ಬೂದಿಯ ಮುಂದೆ ಒಂದು ಬಕೆಟ್ ನೀರಿಟ್ಟು ಹೋದಳು. ಗಂಡನ ಮುಂದೆ ಏನೂ ಇಡಲಿಲ್ಲ. ಒಳಗೆ ದುಂಡವ್ವ ಮೂಲೆಯಲ್ಲಿ ಒಣಗಿ ನಿಂತ ಕುಂಚವನ್ನು ನೋಡುತ್ತಾ ಕೂತಿದ್ದಳಂತೆ. ಅದನ್ನು ಬಲಗೈಯಲ್ಲಿ ಹಿಡಿದು ಎತ್ತಿದಳಂತೆ. ಭುಜದ ತನಕ ಬಂತು, ಅಲ್ಲಿ ಹಲ್ಲು ಕಚ್ಚಿದ ಹಾಗೆ ನಿಂತಿತು. ಇನ್ನೊಮ್ಮೆ ಎತ್ತಿದಳು. ಅಷ್ಟೇ ಬಂತು. ಇದು ನನಗೆ ಯಾವತ್ತೂ ಇಷ್ಟೇ, ಆಚೆ ಕೂತವನು ನೂರು ವರ್ಷ ಕೂತರೂ ಇಷ್ಟೇ, ಎಂದು ತಿಳಿದುಕೊಳ್ಳುವುದಕ್ಕೆ ಅಷ್ಟು ಹೊತ್ತು ಬೇಕಾಯಿತು ಎಂದಳು. ಆಮೇಲೆ ಇನ್ನೊಂದೂ ತಿಳಿಯಿತಂತೆ. ಕೂತವನ ಹಣೆ ಭುಜಕ್ಕಿಂತ ಕೆಳಗೇ ಇರುತ್ತದೆ.

ಬಾಗಿಲು ತೆಗೆದಾಗ ಮಧ್ಯಾಹ್ನ ಇಳಿದಿತ್ತು. ಹತ್ತಿರ ಬಂದು, ಎಡಗೈಯನ್ನು ಸೆರಗಿಗೆ ಒರೆಸಿಕೊಂಡು, ಅದನ್ನು ಹಿಂದಕ್ಕೆ ಇಟ್ಟುಕೊಂಡಳು. ಬಲಗೈಯನ್ನು ನಿಧಾನವಾಗಿ ಎತ್ತಿ ಬೈಲಪ್ಪನ ಹಣೆಯ ಮೇಲಿಟ್ಟಳು. ಅವನು ಕಣ್ಣು ಮುಚ್ಚಿದ.

"ಆಯ್ತು," ಎಂದಳು. "ಹೋಗು ಅನ್ನಕ್ಕಿಲ್ಲ ನಾನು. ಚಾವಡಿ ಗ್ವಾಡೆ ಅರ್ಧ ಉಳ್ಕಂಡದೆ. ನಾಳೆ ಏಣಿ ತಕಂಡು ಬಾ. ಭುಜದಿಂದ ಮ್ಯಾಕೆ ನಿಂದು, ಕೆಳೀಕೆ ನಂದು."

"ನನಗೆ ಬಳಿಯಾಕೆ ಬರಕ್ಕಿಲ್ಲ ಕಣಕ್ಕ."

"ಬೈಸ್ಕಂಡು ಕಲಿ."

ಅಷ್ಟರಲ್ಲಿ ಪಕ್ಕದಲ್ಲಿ ಕರಕರ ಸದ್ದು. ಆರು ದಿನ ಉಪವಾಸವಿದ್ದ ಬೂದಿ, ಬೈಲಪ್ಪ ತಂದ ಹುರುಳಿ ಗೆಣಸು ಎಲ್ಲ ಬಿಟ್ಟು, ದುಂಡವ್ವನ ಚಪ್ಪರಕ್ಕೆ ಹಬ್ಬಿಸಿದ್ದ ಸೋರೆ ಬಳ್ಳಿಯನ್ನು ಬುಡದಿಂದ ತಿನ್ನುತ್ತಾ ಬಂದು, ಹೂವು, ಮಿಡಿ, ಕುಡಿ ಏನೂ ಬಿಡದೆ ಮುಗಿಸಿತ್ತು. ಮುಗಿಸಿ ಬಾಯಿ ನೆಕ್ಕಿಕೊಂಡಿತು. ಬಳ್ಳಿ ಇದ್ದ ಜಾಗವನ್ನು ನೋಡಿತು. ನಿಧಾನವಾಗಿ ನಡೆದು ಬಂದು, ಬೈಲಪ್ಪನನ್ನು ಪಕ್ಕಕ್ಕೆ ತಳ್ಳಿ, ಚಪ್ಪಡಿಯ ಮೇಲೆ ಮಲಗಿ ಬಾಗಿಲಿಗೆ ಮುಖ ಮಾಡಿತು. ದುಂಡವ್ವ ನಕ್ಕಳು. ಬಿದ್ದ ದಿನದಿಂದ ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಹಣೆ ಮುಟ್ಟಿ, ಆಯ್ತು ಹೋಗೇ ಹೊಟ್ಟೆಬಾಕಿ, ಎಂದಳು. ಬೂದಿ ತಕ್ಷಣ ಎದ್ದಿತು.

ಚಾವಡಿಯ ಪಡುವಣ ಗೋಡೆ ಈಗಲೂ ಹಾಗೇ ಇದೆ, ಬಂದರೆ ತೋರಿಸುತ್ತೇನೆ. ಭುಜದ ಮಟ್ಟಕ್ಕೆ ಒಂದು ಗೆರೆ. ಕೆಳಗೆ ಹಾಲಿನ ಹಾಗಿದೆ, ತುತ್ತತುದಿಯಲ್ಲಿ, ಅವಳು ಬೀಳುವ ಮುಂಚೆ ಬಳಿದ ಮೂರು ಮೊಳವೂ ಹಾಲಿನ ಹಾಗಿದೆ, ನಡುವೆ ಬೈಲಪ್ಪ ಬಳಿದದ್ದು ಎಮ್ಮೆ ನೆಕ್ಕಿದ ಹಾಗಿದೆ. ಅವಳು ಕೆಳಗಿನಿಂದ ಬೈಯುತ್ತಿದ್ದಳು, ಅವನು ಮೇಲಿನಿಂದ ಹೂಂ ಅಕ್ಕ ಅನ್ನುತ್ತಿದ್ದ, ಏಣಿಯ ಬುಡಕ್ಕೆ ಬೂದಿಯನ್ನು ಕಟ್ಟಿದ್ದರು. ವರ್ಷ ತುಂಬುವಷ್ಟರಲ್ಲಿ ಅವನ ಕೈ ಸುಮಾರಾಗಿ ಹದಕ್ಕೆ ಬಂತು. ಬೈಲಪ್ಪ ಕೂತ ಮರುದಿನ ಬೆಳಿಗ್ಗೆ ನಾನೂ ಅವಳ ಚಪ್ಪಡಿಯ ಮೇಲೆ ಹೋಗಿ ಕೂತೆ, ಹಗೆ ಇಟ್ಟುಕೊಂಡಿದ್ದಾಳೆ ಅಂದದ್ದಕ್ಕೆ. ಮಂಡಿ ನೋವು ಬೇರೆ. ಅವಳು ಅನ್ನಕ್ಕಿಟ್ಟು, ಪಾತ್ರೆ ತೊಳೆದು, ತಲೆ ಬಾಚಿಕೊಂಡು, ಆಮೇಲೆ ಬಂದು ಕೈಯಿಟ್ಟಳು. ನಿಂದು ನಾಲಿಗೆ ತಪ್ಪು ಮುದ್ದಣ್ಣ, ಹಣೆ ಏನು ಮಾಡಿತ್ತು ಪಾಪ, ಎಂದಳು. ನನ್ನ ಹಿಂದೆ ಅಂಗಡಿಯವನು ಕಾದಿದ್ದ.

ಅವಳ ಮನೆಯಿಂದ ಏಳುವಾಗ ನನಗೆ ನಮ್ಮ ಕೊನೆಬೀದಿಯ ಗಿಡ್ಡ ನೆನಪಾದ. ಗಿಡ್ಡ ಅಂದರೆ ಎತ್ತು. ಹನ್ನೊಂದು ವರ್ಷದ ಹಿಂದೆ ಅದಕ್ಕೆ ಲಾಳ ಹೊಡೆಯುವಾಗ ಯಾರ ಜೊತೆಗೋ ಹರಟೆಯಲ್ಲಿದ್ದೆ, ಮೊಳೆ ಗೊರಸು ದಾಟಿ ಒಳಗಿನ ಹಸಿ ಮಾಂಸಕ್ಕೆ ತಗುಲಿತು. ಅದು ಒದೆಯಿತು. ಸಂಜೆಗೆ, ಆ ಕಾಲನ್ನು ನೆಲಕ್ಕೆ ಊರಲಾರದೆ, ಕುಂಟುತ್ತಾ ಬಂದು ನನ್ನ ಬಾಗಿಲಿಗೆ ಕೂತಿತು, ಒದ್ದದ್ದಕ್ಕೆ. ನಾನು ಹಣೆ ಮುಟ್ಟಿ ಕ್ಷಮಿಸಿ ಕಳಿಸಿದೆ. ಅವತ್ತಿನಿಂದ ಅದು ಕುಂಟು.

ನೆಟ್ಟಗೆ ಅದರ ಕೊಟ್ಟಿಗೆಗೆ ಹೋದೆ. ಮುದಿಯಾಗಿತ್ತು, ಮೆಲುಕು ಹಾಕುತ್ತಿತ್ತು. ಸಗಣಿ ನೋಡದೆ ಅದರ ಮುಂದೆ ಮಂಡಿಯೂರಿ ಕೂತೆ. ಎತ್ತುಗಳಿಗೆ ಮಾತು ಬರುವುದಿಲ್ಲ, ಆ ಹೊತ್ತಿನಲ್ಲಿ ನನಗೂ ಬರಲಿಲ್ಲ. ಗಿಡ್ಡ ಮೆಲುಕು ನಿಲ್ಲಿಸಿ ನನ್ನನ್ನು ಬಹಳ ಹೊತ್ತು ನೋಡಿತು. ಆಮೇಲೆ ಕತ್ತು ಬಗ್ಗಿಸಿ ಒದ್ದೆ ಮೂತಿಯನ್ನು ನನ್ನ ಹಣೆಗೆ ಒತ್ತಿ, ಹಣೆಯಿಂದ ಬೋಳು ನೆತ್ತಿಯ ತನಕ ಒಂದು ಸಲ ನೆಕ್ಕಿತು. ಬಿಸಿಲಲ್ಲಿ ನಡೆದುಹೋಗಿದ್ದೆ, ತಲೆಯೆಲ್ಲ ಬೆವರು. ಉಪ್ಪಿನ ಆಸೆ ಇದ್ದರೂ ಇರಬಹುದು, ಆ ಡಾಕ್ಟರು ಓದಿದವರು. ಆದರೆ ನಾನು ಹೋದದ್ದು ಉಪ್ಪಿಗಲ್ಲ, ಮತ್ತೆ ಅದು ನೆಕ್ಕಿದ ಮೇಲೆ ನನ್ನ ಮಂಡಿ ತಾನಾಗಿಯೇ ಎದ್ದಿತು.